ಗುಂಡಿಗೆ ಮೊದಲು ಇಳಿಯುವ ಬಟ್ಟೆ

ಬೆಳಗಿನ ಐದೂವರೆ. ಗುಂಡಿಗೆ ಇಳಿಬಿಟ್ಟ ನೀಲಿ ಬಟ್ಟೆ ಬೆಳ್ಳಗಾಗಿ ಮೇಲೆ ಬಂದಿದೆ.

ಹಗ್ಗದ ತುದಿಯಲ್ಲಿ ಅದು ತೊಟ್ಟಿಕ್ಕುತ್ತ ತೂಗುತ್ತಿದೆ. ಎಳೆದವಳು ಅದನ್ನು ಮುಟ್ಟುವುದಿಲ್ಲ, ಸುಮ್ಮನೆ ನೋಡುತ್ತಾಳೆ. ಈ ಬಣ್ಣದ ಕಾರ್ಖಾನೆಯಲ್ಲಿ ಆಕೆ ಎಲ್ಲರಿಗೂ ನೀಲಕ್ಕ. ಪಕ್ಕದಲ್ಲಿ ಸಲಿಕೆ ಹಿಡಿದು ನಿಂತವನು ಆಕೆಯ ಮೈದುನ. ಬಣ್ಣ ತೊಳೆದ ನೀರು ಸೇರುವ ಈ ಗುಂಡಿಗೆ ಇಳಿದು ತಳದ ಕೆಸರು ಎತ್ತುವುದು ಅವನ ಕೆಲಸ.

"ಆಗ್ಲೇ ಕೊಳೆತ ಮೊಟ್ಟೆ ವಾಸನೆ ಬಂತು ಅತ್ತಿಗೆ. ಈಗ ಏನೂ ಇಲ್ಲ. ಹೋಯ್ತು, ಇಳೀತೀನಿ."

"ವಾಸನೆ ಹೋಗಿಲ್ಲ ಕಣೋ, ನಿನ್ನ ಮೂಗು ಹೋಗಿದೆ. ಹಿಂದೆ ಸರಿ!"

ಇಲ್ಲಿ ತಯಾರಾಗುವುದು ನೀಲಿ ಪುಡಿ. ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲಪುಡಿ ಒಟ್ಟಿಗೆ ಗೂಡಿನಲ್ಲಿ ದಿನಗಟ್ಟಲೆ ಬೆಂದ ಮೇಲೆ ಹುಟ್ಟುವ ಬಣ್ಣ. ಪ್ಲಾಸ್ಟಿಕ್ ಬಕೆಟ್, ಕಾಗದ, ಗೋಡೆಯ ಬಣ್ಣ, ಸೋಪಿನ ಪುಡಿ ಎಲ್ಲದರಲ್ಲೂ ಇದಿದೆ. ಅಚ್ಚ ಬಿಳಿ ಎಂದು ನಾವು ತೊಡುವ ಅಂಗಿಯ ಹಳದಿ ಛಾಯೆಯನ್ನು ಮರೆಸುವುದೂ ಇದೇ. ಬಿಸಿಲಿಗೂ ಸುಣ್ಣಕ್ಕೂ ಜಗ್ಗದ ಈ ನೀಲಿಗೆ ಆಸಿಡ್ ಯಮ. ತಾಗಿದರೆ ಬಣ್ಣ ಅಳಿಯುತ್ತದೆ, ಒಳಗಿನ ಗಂಧಕ ವಿಷಗಾಳಿಯಾಗಿ ಏಳುತ್ತದೆ. ಮೊದಲು ನಾರುತ್ತದೆ. ಹೆಚ್ಚಾದರೆ ಮೂಗನ್ನೇ ಮಂಕು ಮಾಡುತ್ತದೆ. ನಾತ ನಿಂತಿತೆಂದು ಮನುಷ್ಯ ಏಣಿಗೆ ಕಾಲಿಡುವುದು ಆಗಲೇ.

ನೀಲಕ್ಕನ ಗಂಡ ಹಾಗೆಯೇ ಇಳಿದರು. "ಪಕ್ಕದ ಶೆಡ್‌ನೋರು ಆಸಿಡ್ ನೀರನ್ನ ಈ ಚರಂಡಿಗೆ ಬಿಟ್ಟಿದ್ರು. ವಾಸನೆ ಬಂತು, ಕಾದ್ರು. ಹೋಯ್ತು, ಇಳಿದ್ರು. ಮೇಲೆತ್ತಿದಾಗ ಕಾಲು ನೋಡ್ದೆ. ಮದುವೆ ದಿನದಿಂದ ನೀಲಿಯಾಗಿದ್ದ ಕಾಲು, ಬೆಳ್ಳಗಿತ್ತು."

ಅಂದಿನಿಂದ ನೀಲಿ ಮೆತ್ತಿದ ಬಟ್ಟೆ ಮೊದಲು ಇಳಿಯುತ್ತದೆ. ನೀಲಿಯಾಗಿಯೇ ಬಂದರೆ ಮಾತ್ರ ಮನುಷ್ಯ. ಹೀಗೆಂದು ಯಾರೂ ಆಜ್ಞೆ ಮಾಡಿಲ್ಲ. ಇದಾದ ಮೇಲೆ ಆಕೆಯ ಸಂಬಳದ ಕೆಲಸ ಶುರು: ಇಪ್ಪತ್ತೈದು ಕಿಲೋದ ಚೀಲಗಳಿಗೆ ಪುಡಿ ತುಂಬುವುದು, ದಿನಕ್ಕೆ ಇನ್ನೂರರ ಹತ್ತಿರ. ಸಂಜೆ ಬೆವರು ನೀಲಿ, ದಿಂಬು ನೀಲಿ. "ನಮ್ಮನೆಗೆ ಕಳ್ಳ ಬಂದ್ರೆ ಹೆಜ್ಜೆ ನೋಡ್ಕೊಂಡೇ ಬರ್ಬೋದು" ಎಂದು ಅತ್ತೆ ನಗುತ್ತಾರೆ. ಮನೆಯ ಕಲ್ಲುನೆಲ ಒದ್ದೆಯಾದರೆ ಹಳೆಯ ಹೆಜ್ಜೆಗಳೂ ಮೇಲೇಳುತ್ತವೆ. ಕೆಲವು ಆಕೆಯ ಪಾದಕ್ಕಿಂತ ದೊಡ್ಡವು. ಅವನ್ನು ಯಾರೂ ಉಜ್ಜುವುದಿಲ್ಲ.

ಮೇಸ್ತ್ರಿ ಅವಸರದಲ್ಲಿ ಬರುತ್ತಾನೆ. ಏಳಕ್ಕೆ ಗುಂಡಿ ಖಾಲಿಯಾಗದಿದ್ದರೆ ತೊಳೆಯುವ ತೊಟ್ಟಿಗಳು ನಿಲ್ಲುತ್ತವೆ.

"ನೀರಲ್ಲಿ ನೆನೆದು ಬಣ್ಣ ಬಿಟ್ಟಿರ್ಬೇಕು ನೀಲಕ್ಕ."

"ನೀರಿಗೆ ಬಿಡೋ ಬಣ್ಣ ಆಗಿದ್ರೆ ನಿಮ್ಮ ಅಂಗಿ ಎಷ್ಟು ಒಗೆದ್ರೂ ಯಾಕೆ ಹಿಂಗೆ ನೀಲಿ ಇದೆ ಮೇಸ್ತ್ರಿ?"

ಮೈದುನನ ನಗು ಅರ್ಧಕ್ಕೇ ನಿಲ್ಲುತ್ತದೆ. ಅವನಿಗೆ ತಲೆ ಸುತ್ತುತ್ತಿದೆ. ಆಕೆ ಅವನ ತೋಳು ಹಿಡಿದು ಗೇಟಿನ ಗಾಳಿಗೆ ಕೂರಿಸುತ್ತಾಳೆ. ಸೆರಗಿನಿಂದ ಮೂಗು ಮುಚ್ಚಿ, ಉಸಿರು ಬಿಗಿಹಿಡಿದು ಹಿಂತಿರುಗಿ ಏಣಿಯನ್ನು ಎಳೆದು ತರುತ್ತಾಳೆ. ಅದರ ಮೇಲೇ ಕೂತುಬಿಡುತ್ತಾಳೆ.

"ಅಣ್ಣನ್ನ ಕೊಟ್ಟಾಯ್ತು. ತಮ್ಮನ್ನ ಕೊಡಲ್ಲ."

ಮೇಸ್ತ್ರಿ ಬೆಳ್ಳನೆಯ ಬಟ್ಟೆಯನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿ ಫೋನ್ ತೆಗೆಯುತ್ತಾನೆ.

ಆಕೆಯ ಆಸೆ ದೊಡ್ಡದಲ್ಲ. "ಇಲ್ಲಿಗೊಂದು ಪಂಪು ಹಾಕಿಸ್ಲಿ. ಮನುಷ್ಯ ಇಳಿಯೋದೇ ಬೇಡ. ನನ್ನ ಬಟ್ಟೆ ಒಲೆ ಒರೆಸೋಕಾಗುತ್ತೆ."

ಮಧ್ಯಾಹ್ನ ಬಾಡಿಗೆ ಪಂಪು ಬರುತ್ತದೆ. ಗುಂಡಿಯ ಒಳಗಟ್ಟೆಯ ಮೇಲೆ ಟಾರ್ಚ್ ಬೆಳಕಿಗೆ ಕಾರ್ಖಾನೆಯ ಬೆಕ್ಕು ಕಾಣುತ್ತದೆ. ಮೂತಿಯನ್ನು ಬಾಲದಡಿ ಹುದುಗಿಸಿ ಮಲಗಿದ ಹಾಗಿದೆ. ಮೈದುನ ದೂರದಿಂದಲೇ ಬಾಯಿ ಚಪ್ಪರಿಸಿ ಕರೆಯುತ್ತಾನೆ. ಅದು ಏಳುವುದಿಲ್ಲ.