ನನ್ನ ಅಳತೆಯ ಬಳೆ

ನನಗಾಗ ಹದಿನಾರು. ಯುಗಾದಿಗೆ ಎರಡು ದಿನವಿತ್ತು. ದೊಡ್ಡೇರಿ ಹತ್ತಿರದ ನಮ್ಮ ಹಳ್ಳಿಗೆ ಶಿರಾದಿಂದ ಬರುತ್ತಿದ್ದ ಸಾಬರ ಬಳೆಗಾರ್ತಿ ಜಗಲಿಯ ಮೇಲೆ ಕೂತು, ನನ್ನ ಒಣಕಲು ಕೈ ಹಿಡಿದು ನೋಡಿ, ಮಕ್ಕಳ ಬಳೆಯ ಸರಕ್ಕೆ ಕೈ ಹಾಕಿದಳು. ನಾನು ಕೈ ಕಿತ್ತುಕೊಂಡೆ.

"ನನ್ನ ಅಳತೆ ಬಳೆ ಆಗೋವರ್ಗೂ ಬರೀ ಕೈಲೇ ಇರ್ತೀನಿ" ಅಂದೆ.

ಹಬ್ಬದ ಹೊತ್ತಿಗೆ ಮದುವೆಯ ವಯಸ್ಸಿನ ಹುಡುಗಿ ಬರಿಗೈಯಲ್ಲಿ! ನಮ್ಮ ಮನೆಯಲ್ಲೇ ಇದ್ದ ಸೋದರತ್ತೆ ಹಣೆ ಚಚ್ಚಿಕೊಂಡಳು. ನನ್ನ ಕಿವಿಗೆ ಬೀಳುವಂತೆಯೇ ಅವ್ವನಿಗೆ, "ಇವ್ಳು ಗೌರಿ ಹಬ್ಬ ಕಾಣಾಕಿಲ್ಲ ಕಣತ್ತಿಗೆ, ಮನ್ಸು ಗಟ್ಟಿ ಮಾಡ್ಕೋ" ಅಂದಳು.

ಎರಡೆರಡು ಮುದ್ದೆ ನುಂಗಿ, ಬಿಂದಿಗೆಗಟ್ಟಲೆ ನೀರು ಕುಡಿದರೂ ದಿನದಿನಕ್ಕೆ ಕಡ್ಡಿಯಾಗುತ್ತಿದ್ದೆ. ಉಸಿರು ಕೊಳೆತ ಹಣ್ಣಿನ ವಾಸನೆ ಹೊಡೆಯುತ್ತಿತ್ತು. ಅದು ಕದ್ದು ತಿಂದ ಹಣ್ಣಿನದೆಂದು ಅತ್ತೆ ಬಾಳೆಗೊನೆಯನ್ನು ಕೈಗೆ ಸಿಗದಂತೆ ತೊಲೆಗೆ ಕಟ್ಟಿಸಿದ್ದಳು. ರೋಗಕ್ಕಿಂತ ಆ ಅವಮಾನ ನನ್ನನ್ನು ಹೆಚ್ಚು ಸುಟ್ಟಿತ್ತು.

ಹಬ್ಬದ ಮಾರನೆಯ ದಿನ ಕುಸಿದುಬಿದ್ದೆ. ಅವ್ವ, ಅತ್ತೆ ಗಾಡಿ ಕಟ್ಟಿಸಿ ಮಧುಗಿರಿಗೆ ಒಯ್ದರು. ಡಾಕ್ಟರು ನನ್ನ ಉಸಿರು ಮೂಸಿ, ಮೂತ್ರ ಕಾಯಿಸಿ ನೋಡಿ, ಸಕ್ಕರೆ ಕಾಯಿಲೆ ಎಂದರು.

"ಉಂಡಿದ್ದೆಲ್ಲ ಎಲ್ಲಿಗೋಯ್ತದೆ ಸ್ವಾಮಿ?" ಎಂದಳು ಅವ್ವ.

"ನೆಲದೊಳಗೆ ರಾಗಿ ತುಂಬಿಡೋ ಹಗೇವು ನಿಮ್ಮನೇಲಿ ಇದೆಯಲ್ಲಮ್ಮ, ಮೈಯೊಳಗಿನ ಕೊಬ್ಬಿನ ಕಣಗಳೂ ಹಾಗೇ. ಇನ್ಸುಲಿನ್ ಅನ್ನೋ ರಸ ಇದ್ದರೆ ಉಂಡದ್ದು ಒಳಗೆ ಸೇರುತ್ತೆ, ಹಗೇವಿನ ಬಾಯಿ ಮುಚ್ಚಿರುತ್ತೆ. ಇವಳ ಮೈಯಲ್ಲಿ ಅದೇ ಇಲ್ಲ. ಬಾಯಿ ತೆರೆದೇ ಇದೆ, ಕೂಡಿಟ್ಟ ಕೊಬ್ಬೆಲ್ಲ ಕರಗಿ ರಕ್ತಕ್ಕೆ ಹೋಗ್ತಿದೆ. ಅದು ಉರಿದಾಗ ಹುಟ್ಟೋ ಹುಳಿಯದು ಈ ವಾಸನೆ. ಹಣ್ಣಿನದಲ್ಲ."

ಹಣ್ಣಿನದಲ್ಲ! ತಲೆ ಎತ್ತಲಾಗದಿದ್ದರೂ ಅತ್ತೆಯ ಮುಖವನ್ನೇ ದುರುಗುಟ್ಟಿ ನೋಡಿದೆ.

ಬೆಂಗಳೂರಿನಿಂದ ಬಸ್ಸಿನಲ್ಲಿ ಇನ್ಸುಲಿನ್ ಬಂತು. ಚುಚ್ಚುವುದನ್ನು ಅವ್ವ ಬದನೆಕಾಯಿಯ ಮೇಲೆ ಕಲಿತಳು. ಸೀಸೆ ಒದ್ದೆ ಮರಳಿನ ಗಡಿಗೆಯಲ್ಲಿ, ಸೂಜಿ ಕುದಿಯುವ ನೀರಿನಲ್ಲಿ. ಒಂದೇ ಜಾಗದಲ್ಲಿ ಚುಚ್ಚಿದರೆ ಅಲ್ಲೇ ಕೊಬ್ಬು ಗಂಟು ಕಟ್ಟುತ್ತದೆಂದು ಡಾಕ್ಟರು ಎಚ್ಚರಿಸಿದ್ದರಿಂದ ಬೆಳಗ್ಗೆ ಎಡ ತೊಡೆ, ಸಂಜೆ ಬಲ ತೊಡೆ. "ಸಾಕು ಕಣವ್ವ" ಎಂದು ಗೋಗರೆದೆ, ಬೈದೆ, ಒಮ್ಮೆ ಓಡಿಹೋಗಿ ಹುಲ್ಲಿನ ಬಣವೆಯ ಹಿಂದೆ ಅಡಗಿದೆ. ಅವಳು ಒಂದು ಹೊತ್ತೂ ತಪ್ಪಿಸಲಿಲ್ಲ.

ಗೌರಿ ಹಬ್ಬಕ್ಕೆ ಬಳೆಗಾರ್ತಿ ಮತ್ತೆ ಬಂದಳು. ನಾನೇ ಹೋಗಿ ಅವಳೆದುರು ಕೈ ಚಾಚಿದೆ. ಕಾಯಿಲೆಗೆ ಮುಂಚಿನ ನನ್ನ ಅಳತೆಯ ಬಳೆ ಗೆಣ್ಣಿನ ಹತ್ತಿರ ನಿಂತಿತು. ಅವಳು ಒತ್ತಿದಳು. ಚಟ್ಟೆಂದು ಒಡೆಯಿತು. ಇನ್ನೊಂದೂ ಒಡೆಯಿತು.

"ಬುಡು ಬೇಟಿ, ಇದು ಇನ್ನಾಗಾಕಿಲ್ಲ. ನಿನಗೀಗ ನಿಮ್ಮವ್ವನ ಅಳತೇನೇ ಬೇಕು" ಎಂದು ನಕ್ಕಳು.

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಅತ್ತೆಯ ಕಿವಿಯ ಬಳಿ ಝಲ್ಲೆನಿಸಿದೆ. "ಗೌರಿ ಹಬ್ಬ ಬಂತು ಕಣತ್ತೆ. ನಾನೂ ಇದೀನಿ!"

ಅವಳು ಕೈಲಿದ್ದ ಸೌಟು ಕೆಳಗಿಟ್ಟಳು. ನನ್ನ ಗಲ್ಲ ಹಿಡಿದೆಳೆದು ಬಾಯಿಯ ಹತ್ತಿರ ಮೂಗು ತಂದು ಮೂಸಿದಳು. "ವಾಸ್ನೆ ಇಲ್ಲ ಕಣೇ, ಏನೂ ಇಲ್ಲ" ಎನ್ನುತ್ತ ನನ್ನನ್ನು ತಬ್ಬಿ ಗೊಳೋ ಎಂದು ಅತ್ತಳು.