ಮಿಲ್ಲಿನ ಫೆಲ್ಟು, ಕಾಳಿ ನದಿಯ ಕಲ್ಲು

“ಒಂದು ಬಕೆಟ್ ನೀರು ಸಿಗ್ತೈತೇನ್ರಿ?”

ನಾನು ಕೇಳಿದ್ದು ಇಷ್ಟೇ. ಹುಬ್ಬಳ್ಳಿಯ ಆ ಶೂ ಅಂಗಡಿಯ ಸೇಲ್ಸ್‌ಮನ್ ನನ್ನ ಮುಖ ನೋಡಿದ, ಕಾಲು ನೋಡಿದ, ಆಮೇಲೆ ಮಾಲೀಕರ ಕಡೆ ನೋಡಿದ. ನನ್ನ ಕಾಲಲ್ಲಿ ಅವರದೇ ಅಂಗಡಿಯ ಹೊಚ್ಚ ಹೊಸ ಟ್ರೆಕ್ಕಿಂಗ್ ಶೂ. ಇಪ್ಪತ್ತು ನಿಮಿಷದಿಂದ ಅದನ್ನು ಹಾಕಿಕೊಂಡು ಅಂಗಡಿ ತುಂಬ ಓಡಾಡಿದ್ದೆ. ಮೆಟ್ಟಿಲು ಹತ್ತಿ ಇಳಿದಿದ್ದೆ. ಒಂಟಿ ಕಾಲಲ್ಲಿ ನಿಂತಿದ್ದೆ. (ಆಗ ಪಕ್ಕದಲ್ಲಿದ್ದ ಹೆಂಗಸೊಬ್ಬರು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡರು.)

“ಕುಡ್ಯಾಕೇನ್ರಿ?” ಮಾಲೀಕರು ಕೇಳಿದರು.

“ಅಲ್ರಿ, ಶೂ ಒಳಗ ಹಾಕಾಕ. ಹಾಕಿದ ನೀರು ಎಷ್ಟೊತ್ತಿಗೆ ಹೊರಗ ಬರ್ತೈತಿ ನೋಡಬೇಕಾಗೇತಿ. ಹೊಳ್ಯಾಗ ನಿಂತು ಮೀನ ಹಿಡಿಯಾಕ ಬೇಕ್ರಿ ಇದು.”

“ಹೊಳಿಗಾದ್ರ ಗಮ್‌ಬೂಟ್ ತಗೋರಿ, ಅಣ್ಣಾ. ನನ್ನ ಶೂಕ್ಕ ಯಾಕ ಜಳಕಾ ಮಾಡಸ್ತೀರಿ?”

ಬಕೆಟ್ ಸಿಗಲಿಲ್ಲ. ನಾನು ಶೂ ಕೊಳ್ಳಲಿಲ್ಲ. ದಾಂಡೇಲಿ ಬಸ್ಸು ಹತ್ತಿ ಬಂದೆ.

ಬಿದಿರಿನ ಗಾಳದ ಬಗ್ಗೆ ಇಲ್ಲಿ ಬರೆದಾಗಿನಿಂದ ನಿಮ್ಮಲ್ಲಿ ಬಹಳ ಜನ ಕೇಳುತ್ತಲೇ ಇದ್ದೀರಿ: ನೀರಿಗೆ ಇಳಿಯಲು ಎಂಥ ಬೂಟು ತಗೊಳ್ಳಬೇಕು? ಸರಿ, ಇವತ್ತು ಅದನ್ನೇ ಹೇಳಿಬಿಡುತ್ತೇನೆ. ಆದರೆ ಮೊದಲೇ ಎಚ್ಚರಿಕೆ: ನಾನು ಯಾವ ಎಕ್ಸ್‌ಪರ್ಟೂ ಅಲ್ಲ. ನನಗೆ ಗೊತ್ತಿರುವುದೆಲ್ಲ ಬಿದ್ದು ಕಲಿತದ್ದು.

ನಿಜವಾಗಿಯೂ ಬಿದ್ದು. ಗದ್ದಕ್ಕೆ ನಾಲ್ಕು ಹೊಲಿಗೆ.

ತೊಂಬತ್ತರ ದಶಕದ ಕೊನೆ. ನಾನು ಪಿಯುಸಿ. ಅಪ್ಪ ದಾಂಡೇಲಿಯ ಕಾಗದ ಮಿಲ್ಲಿನಲ್ಲಿ ಮಷಿನ್ ಫಿಟ್ಟರ್. ನಮ್ಮದು ಮೂಲತಃ ಧಾರವಾಡದ ಕಡೆಯ ಬಯಲು ಹಳ್ಳಿ. ಮನೆಯಲ್ಲಿ ಮೀನು ಹಾಗಿರಲಿ, ಮೊಟ್ಟೆಯೂ ಬರುತ್ತಿರಲಿಲ್ಲ. ಅಂಥ ಮನೆಯ ಹುಡುಗನಿಗೆ ಮೀನಿನ ಹುಚ್ಚು ಹಿಡಿಸಿದ್ದು ಆ ಮಿಲ್ಲೇ. ಅಲ್ಲಿಗೆ ಹೊರದೇಶಗಳಿಂದ ರದ್ದಿ ಪೇಪರ್ ಬರುತ್ತಿತ್ತು, ಬಿಗಿದು ಕಟ್ಟಿದ ದೊಡ್ಡ ದೊಡ್ಡ ಬೇಲುಗಳಲ್ಲಿ. ಕುದಿಸಿ ಮತ್ತೆ ಕಾಗದ ಮಾಡುವುದಕ್ಕೆ. ಒಳ್ಳೆ ಚಿತ್ರಗಳಿರುವ ಪುಸ್ತಕ ಸಿಕ್ಕರೆ ಅಪ್ಪ ಕೇಳಿ ತರುತ್ತಿದ್ದರು, ನನ್ನ ಇಂಗ್ಲಿಷ್ ಸುಧಾರಿಸಲಿ ಅಂತ. ಒಂದು ದಿನ ಬಂದದ್ದು ಮುಖಪುಟವಿಲ್ಲದ ಒಂದು ಕ್ಯಾಟಲಾಗ್. ಪೂರ್ತಿ ಮೀನು ಹಿಡಿಯುವ ಸಾಮಾನು!

ನನ್ನ ಇಂಗ್ಲಿಷ್ ಸುಧಾರಿಸಿತು. ಅಪ್ಪ ಅಂದುಕೊಂಡ ರೀತಿಯಲ್ಲಿ ಅಲ್ಲ.

ಫ್ಲೈ ಫಿಶಿಂಗ್ ಅಂದರೆ ಎರೆಹುಳು ಇಲ್ಲದ ಗಾಳ. ಹುಂಜದ ಗರಿ, ಬಣ್ಣದ ದಾರ ಸುತ್ತಿ ಕೊಕ್ಕೆಗೆ ಒಂದು ಸುಳ್ಳು ನೊಣ ಮಾಡಬೇಕು. ಅದನ್ನು ಉದ್ದ ದಾರದಲ್ಲಿ ಹಿಂದೆ ಮುಂದೆ ಬೀಸಿ, ನಿಜವಾದ ನೊಣವೇ ಬಂದು ಕೂತಿತೇನೋ ಅನ್ನುವ ಹಾಗೆ ನೀರಿನ ಮೇಲೆ ಇಳಿಸಬೇಕು. ದಡದಲ್ಲಿ ನಿಂತರೆ ಹಿಂದಿನ ಗಿಡಕ್ಕೆ ದಾರ ಸಿಕ್ಕಿಕೊಳ್ಳುತ್ತೆ. ಹಾಗಾಗಿ ನೀರಿಗೆ ಇಳಿಯಲೇಬೇಕು. ಹಿಡಿದ ಮೀನನ್ನು ನಾನು ವಾಪಸ್ ಬಿಡುತ್ತಿದ್ದೆ.

“ತಿನ್ನಂಗಿಲ್ಲ, ಮಾರಂಗಿಲ್ಲ. ಹಿಡದು ಮತ್ತ ಬಿಡ್ತೀ ಅಂದ್ರ ಆ ಮೀನಿಗೆ ಏನ್ ಬುದ್ಧಿ ಹೇಳಾಕ ಹಿಡೀತಿಯೋ, ಮಂಜ್ಯಾ?” ಅಂತ ಅವ್ವ ಕೇಳುತ್ತಿದ್ದಳು.

ಮೌಳಂಗಿಯ ಹತ್ತಿರ ಕಾಳಿ ನದಿ ಕಲ್ಲುಗಳ ನಡುವೆ ಹರಡಿಕೊಂಡು ಹರಿಯುತ್ತೆ. ಆಗ ಅಲ್ಲಿ ಪಾರ್ಕು ಗೀರ್ಕು ಇರಲಿಲ್ಲ. ಕೇಳುವವರೂ ಇರಲಿಲ್ಲ. (ಈಗ ಇದ್ದಾರೆ. ಅರಣ್ಯದವರನ್ನು ಕೇಳಿಯೇ ನೀರಿಗೆ ಇಳಿಯಿರಿ, ನನ್ನ ಹೆಸರು ಹೇಳಬೇಡಿ.) ನಾನು ಹವಾಯಿ ಚಪ್ಪಲಿಯಲ್ಲಿ ಇಳಿದಿದ್ದೆ. ಹೊಳೆಯ ನಡುವೆ ಒಂದು ಕರಿ ಬಂಡೆ, ಅದರ ಮೇಲೆ ತೆಳ್ಳಗೆ ಹಸಿರು ಪಾಚಿ. ಕಾಲಿಟ್ಟದ್ದು ನೆನಪಿದೆ. ಮುಂದಿನದು ಸರ್ಕಾರಿ ಆಸ್ಪತ್ರೆಯ ಫ್ಯಾನು.

ಅವ್ವ ಅಳಲಿಲ್ಲ, ಬೈಯಲೂ ಇಲ್ಲ. ಮನೆಗೆ ಬಂದವಳೇ ನನ್ನ ಬಿದಿರಿನ ಗಾಳ ಎತ್ತಿ ಬಚ್ಚಲ ಒಲೆಯ ಪಕ್ಕ, ಕಟ್ಟಿಗೆಯ ಜೊತೆ ನಿಲ್ಲಿಸಿದಳು.

“ಇನ್ನೊಮ್ಮೆ ಹೊಳಿ ಅಂದಿ ಅಂದ್ರ ಇದರ ಮ್ಯಾಲ ನಿನಗ ಜಳಕದ ನೀರ ಕಾಸ್ತೇನಿ.”

ಎಂಟು ತಿಂಗಳು ಬಿದಿರು ಹುಡುಕಿ, ಒಣಗಿಸಿ, ಉಜ್ಜಿ ಮಾಡಿದ ಗಾಳ! ಆ ವಯಸ್ಸಲ್ಲಿ ನನಗೆ ಅದು ಬಿಟ್ಟರೆ ಬೇರೆ ಏನೂ ಬರುತ್ತಿರಲಿಲ್ಲ. ಕ್ರಿಕೆಟ್‌ನಲ್ಲಿ ಸ್ಕೋರ್ ಬರೆಯುವವನು ನಾನು. ಕ್ಲಾಸಿನಲ್ಲಿ ಕೊನೆಯ ಬೆಂಚು. ಹೊಳೆಯಲ್ಲಿ ಮಾತ್ರ ನಾನೂ ಏನೋ ಒಂದು ಆಗಿದ್ದೆ.

ಹೊಲಿಗೆ ಬಿಚ್ಚುವ ಮೊದಲೇ ಮತ್ತೆ ಕ್ಯಾಟಲಾಗ್ ಹಿಡಿದು ಕೂತೆ. ಬೂಟಿನ ಪುಟ. ಒಂದು ಬೂಟನ್ನು ಬೋರಲು ಹಾಕಿ ಅಟ್ಟೆ ತೋರಿಸಿದ್ದರು. ಕೆಳಗೆ ಬರೆದಿತ್ತು: ಫೆಲ್ಟ್ ಸೋಲ್. ಪಾಚಿಗಟ್ಟಿದ ಕಲ್ಲಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಫೆಲ್ಟಾ? ನಾನು ಕೂತಿದ್ದೇ ಅದರ ಮೇಲಲ್ಲವೇ?

ಮಿಲ್ ಕಾಲೊನಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಕಾಗದದ ಮಷಿನ್ನಿನಲ್ಲಿ ಹಸಿ ಕಾಗದವನ್ನು ಹೊತ್ತು ಸಾಗಿಸಿ, ನೀರು ಹಿಂಡಿಸುವ ದಪ್ಪ ಕಂಬಳಿಯಂಥ ಪಟ್ಟಿ ಇರುತ್ತೆ. ಅದೇ ಫೆಲ್ಟ್. ಸವೆದ ಮೇಲೆ ತೆಗೆದು ಹೊಸದು ಹಾಕುತ್ತಾರೆ. ಹಳೆಯದು ಕಾಲೊನಿಯ ಮನೆಮನೆಗೂ ಬರುತ್ತಿತ್ತು. ನಮ್ಮ ಹಾಸಿಗೆಯ ಕೆಳಗೆ ಫೆಲ್ಟ್, ಬಾಗಿಲಲ್ಲಿ ಕಾಲೊರೆಸಲು ಫೆಲ್ಟ್, ಅವ್ವನ ಇಸ್ತ್ರಿಗೆ ಫೆಲ್ಟ್. ಹೊರದೇಶದವರು ನಮ್ಮ ಹಾಸಿಗೆಯನ್ನು ಕಾಲಿಗೆ ಹಾಕಿಕೊಂಡು ಮೀನು ಹಿಡಿಯುತ್ತಿದ್ದಾರೆ, ನಾನು ಅದರ ಮೇಲೆ ಮಲಗಿ ಗದ್ದ ಒಡೆದುಕೊಂಡಿದ್ದೇನೆ!

ಅಪ್ಪನಿಗೆ ತೋರಿಸಿದೆ. ಅವರು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಬಚ್ಚಲ ಕಡೆ ಒಮ್ಮೆ ನೋಡಿದರು.

“ಖರೆ ಐತೆಲ್ಲೋ. ಮಷಿನ್ ಹಾಲ್‌ನ್ಯಾಗ ಹಸಿ ನೆಲದ ಮ್ಯಾಲ ನಾವೂ ಇದನ್ನ ಹಾಸತೇವಿ. ಜಾರೂದಿಲ್ಲ.”

ಮುಂಡಗೋಡದ ಟಿಬೆಟನ್ ಕ್ಯಾಂಪಿನ ಅಂಗಡಿಯಲ್ಲಿ ಹಸಿರು ಕ್ಯಾನ್ವಾಸಿನ ಹಂಟರ್ ಶೂ ಸಿಕ್ಕಿತು, ಕಾಲಿನ ಗಂಟು ಮುಚ್ಚುವಂಥದ್ದು. ನನ್ನ ಕಾಲಿನ ನಂಬರ್ ಏಳು. ಅಪ್ಪ ಎಂಟು ತಗೊಂಡರು. ಬೆಳೆಯುವ ಹುಡುಗ ಅಂತ. (ಇದು ನಿಮಗೂ ಲೆಕ್ಕಕ್ಕೆ ಇರಲಿ. ಹೊಳೆಯ ಬೂಟು ಒಂದು ನಂಬರ್ ದೊಡ್ಡದೇ ಇರಬೇಕು, ದಪ್ಪ ಸಾಕ್ಸ್ ಹಾಕಿಯೇ ನೋಡಬೇಕು. ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಡೆದು ಊದಿದ ಕಾಲು ಸುಳ್ಳು ಹೇಳಲ್ಲ.)

ಮೊದಲ ಪ್ರಯತ್ನ ನನ್ನದು. ಸೈಕಲ್ ಪಂಕ್ಚರ್ ಸಲ್ಯೂಷನ್ ಬಳಿದು ಫೆಲ್ಟ್ ಅಂಟಿಸಿದೆ. ನೀರಿನ ಟಾಕಿಯಲ್ಲಿ ಮುಳುಗಿಸಿಟ್ಟೆ. ಎರಡು ತಾಸಿಗೆ ಬೂಟು ತಳದಲ್ಲಿ, ಅಟ್ಟೆ ಮೇಲೆ. ಹೊಳೆಯಲ್ಲಾಗಿದ್ದರೆ ತೇಲಿಕೊಂಡು ಕಾರವಾರದ ಸಮುದ್ರಕ್ಕೆ ಹೊರಟಿರುತ್ತಿತ್ತು.

“ಅಂಟಿಸಿದ್ದು ನಂಬಬ್ಯಾಡ. ಹೊಲಿಸೂಣು ನಡಿ” ಅಂದರು ಅಪ್ಪ.

ಹಳಿಯಾಳದ ಪ್ಯಾಟಿಯಲ್ಲಿ ಯಲ್ಲಪ್ಪ ಕಾಕಾ ಅಂತ ಒಬ್ಬರು ಚಪ್ಪಲಿ ಹೊಲಿಯುತ್ತಿದ್ದರು. ಒಂದು ಕೈಯಲ್ಲಿ ಬೂಟು, ಒಂದು ಕೈಯಲ್ಲಿ ಫೆಲ್ಟ್ ಹಿಡಿದು ಕೇಳಿದರು:

“ಬೂಟ್ ಮಾಡೂದೈತೋ ಗಾದಿ ಮಾಡೂದೈತೋ, ಸಾಹೇಬ್ರ?”

“ಹೊಳ್ಯಾಗ ನಿಲ್ಲಾಕ್ರಿ.”

“ಹೊಳ್ಯಾಗ ನಿಲ್ಲಾಕ ಬೂಟ್ಯಾಕ? ಕಾಲ ಇಲ್ಲೇನ್ ಹುಡುಗಗ?”

ನಾನು ಗದ್ದದ ಪಟ್ಟಿ ತೋರಿಸಿದೆ. ಕಾಕಾ ಬೂಟನ್ನು ಬೋರಲು ಹಾಕಿದರು. ಹಳೆ ರಬ್ಬರಿನ ಹಲ್ಲುಗಳನ್ನು ಉಜ್ಜಿ ಸಪಾಟು ಮಾಡಿದರು. ಅಂಟು ಹಾಕಿದರು. ಆಮೇಲೆ ಫೆಲ್ಟಿನ ಅಂಚಿಗೆ ಸುತ್ತಲೂ ಚಾಕುವಿನಿಂದ ಸಣ್ಣ ಕಾಲುವೆಯಂತೆ ಕೊರೆದು, ಅದರೊಳಗೆ ನೈಲಾನ್ ದಾರ ಕೂರುವ ಹಾಗೆ ಹೊಲಿದರು.

“ದಾರಕ್ಕ ಕಲ್ಲ ತಾಗಬಾರದು ನೋಡ. ತಾಗಿದ್ರ ಹರೀತೈತಿ. ಒಳಗ ಕುಂತ್ರ ವರ್ಷಗಟ್ಟಲೆ ಬರ್ತೈತಿ.”

ಬೂಟು ಬಾಳಿಕೆ ಬರುತ್ತೋ ಇಲ್ಲವೋ ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗಿನ್ನೂ ಸಿಕ್ಕಿಲ್ಲ. ಬ್ರ್ಯಾಂಡ್ ಬಿಡಿ. ಬೋರಲು ಹಾಕಿ ಹೊಲಿಗೆ ಎಲ್ಲಿ ಕೂತಿದೆ ನೋಡಿ.

ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿದರು. “ಒಳಗ ಹೋದ ನೀರು ಹೊರಗ ಹೆಂಗ ಬರ್ತೈತಿ, ಯಲ್ಲಪ್ಪಣ್ಣಾ?” ಕಾಕಾ ಮೊಳೆ ಕಾಯಿಸಿ ಎರಡೂ ಬದಿಗೆ ತೂತು ಹಾಕಿಕೊಟ್ಟರು. ಗಮ್‌ಬೂಟಿನ ತೊಂದರೆಯೂ ಇದೇ ನೋಡಿ. ಮೇಲಿಂದ ನೀರು ತುಂಬುತ್ತೆ, ಹೊರಗೆ ಹೋಗಲು ದಾರಿ ಇಲ್ಲ. ಕಾಲಿಗೊಂದು ಕೊಡ ಕಟ್ಟಿಕೊಂಡ ಹಾಗೆ.

ಬೂಟು ತಯಾರು. ಅವ್ವ?

ಅವ್ವ ಬೂಟನ್ನು ಬೆರಳಿನಿಂದ ಒತ್ತಿ ನೋಡಿದಳು. “ಛಲೋ ಆಗೇತಿ. ಆದ್ರ ಬೂಟ್ ನೋಡಿ ನಾ ಹುಡುಗನ್ನ ಕಳಸೂದಿಲ್ಲ. ಅಲ್ರೀ, ಮಿಲ್ಲಿನ್ಯಾಗ ಏನೋ ಹೇಳ್ತಿರತೀರಲ್ಲ, ರಿಪೇರಿ ಮಾಡಿದಾಂವನ ಮೊದಲ ಚಾಲೂ ಮಾಡಬೇಕು ಅಂತ?”

“ಹೌದು. ಕೈ ಹಾಕಿದಾಂವ ನಿಂತು ಚಾಲೂ ಮಾಡಬೇಕು. ಅದು ನಮ್ಮ ಕಾಯ್ದೆ.”

“ಹಂಗಾರ ನೀವ ಹಾಕ್ಕೊಂಡು ಇವ ಬಿದ್ದ ಕಲ್ಲಿನ ಮ್ಯಾಲ ನಿಂದರ್ರಿ. ನಿಂತ್ರಿ, ಹುಡುಗ ಹೋಗ್ಲಿ. ಜಾರಿದ್ರಿ, ಆ ಗಾಳದ ಕೋಲು ಒಲಿಗೆ.”

ನನ್ನ ಗಾಳ ಒಲೆಗೆ ಹೋದಂತೆಯೇ ಅಂದುಕೊಂಡೆ. ಯಾಕೆ ಗೊತ್ತೇ? ಅಪ್ಪನಿಗೆ ನೀರೆಂದರೆ ಭಯ. ಈಜು ಬರಲ್ಲ. ಇಪ್ಪತ್ತು ವರ್ಷ ಕಾಳಿ ನದಿಯ ಪಕ್ಕ ದುಡಿದವರು ಒಮ್ಮೆಯೂ ಅದಕ್ಕೆ ಕಾಲು ತಾಗಿಸಿದವರಲ್ಲ. ಅವ್ವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವಳು ಕೇಸು ಗೆದ್ದೇ ಬಿಟ್ಟಿದ್ದಳು.

“ಆತು,” ಅಂದರು ಅಪ್ಪ. “ಐತ್ವಾರ ಹೋಗೂಣು.”

ಐತ್ವಾರ ಬೆಳಿಗ್ಗೆ ಹೊಳೆಯ ಮೇಲ್ಗಡೆಯ ಡ್ಯಾಮಿನಿಂದ ಇನ್ನೂ ನೀರು ಬಿಟ್ಟಿರಲಿಲ್ಲ. ಹೊಳೆ ತಣ್ಣಗೆ, ಕಡಿಮೆ. ಅವ್ವ ರೊಟ್ಟಿ ಡಬ್ಬಿ ಹಿಡಿದು ದಡದಲ್ಲಿ ಕೂತಳು. ಅಪ್ಪ ಪ್ಯಾಂಟು ಮೊಣಕಾಲ ಮೇಲೆ ಮಡಚಿ ಬೂಟು ಏರಿಸಿದರು. ನಾನು ಲೇಸ್ ಕಟ್ಟಿದೆ.

“ಹೆಂಗ ಐತಪ್ಪಾ?”

“ಆರಾಮ ಐತಿ.”

ಒಂದು ಕೈಯಲ್ಲಿ ಊರುಗೋಲು. ಇನ್ನೊಂದು ಕೈ ಗಾಳಿಯಲ್ಲಿ. ಹೆಜ್ಜೆ ಇಟ್ಟು, ಒತ್ತಿ, ಭಾರ ಹಾಕಿ, ಆಮೇಲೆ ಇನ್ನೊಂದು ಹೆಜ್ಜೆ. ಮಷಿನ್ನಿಗೆ ಕೈ ಹಾಕುವವರ ನಡಿಗೆ. ನೀರು ಕಾಲ ಗಂಟಿಗೆ ಬಂತು. ಮೀನಖಂಡಕ್ಕೆ ಬಂತು. ಮೊಣಕಾಲಿಗೆ ಬಂದಾಗ ಅಪ್ಪ ನಿಂತರು. ಬೆನ್ನು ಕಾಣುತ್ತಿತ್ತು. ಅಂಗಿ ಬೆವರಿಗೆ ಅಂಟಿತ್ತು, ಆ ತಣ್ಣೀರಿನಲ್ಲಿ.

ಅವ್ವ ಎದ್ದು ನಿಂತಳು. “ಸಾಕ್ರೀ! ಬರ್ರಿ ಹೊಳ್ಳಿ! ನಾ ಸುಮ್ನ ಅಂದೇನಿ!”

“ತಡಿ.”

“ಹುಡುಗ ಹೋಗ್ಲಿ ಬಿಡ್ರಿ, ನೀವು ಬರ್ರಿ!”

ಅಂದರೆ ನಾನು ಗೆದ್ದಿದ್ದೆ! ಅಪ್ಪ ಅಲ್ಲಿಂದಲೇ ತಿರುಗಬಹುದಿತ್ತು. ತಿರುಗಲಿಲ್ಲ. “ತಡೀ ಅಂದೆ. ಕಲ್ಲು ಇನ್ನೂ ಮುಂದ ಐತಿ.”

ಕರಿ ಬಂಡೆಗೆ ಬಲಗಾಲು ಇಟ್ಟರು. ಎಡಗಾಲು ಎತ್ತಿದರು. ಒಂದು ಕ್ಷಣ ದೇಹ ವಾಲಿತು. ಅವ್ವ ನನ್ನ ರಟ್ಟೆ ಹಿಡಿದ ಜಾಗ ಎರಡು ದಿನ ನೀಲಿಯಾಗಿತ್ತು. ಊರುಗೋಲು ನೀರಿಗೆ ಬಿತ್ತು, ಹೋಯಿತು.

ಅಪ್ಪ ಬೀಳಲಿಲ್ಲ. ಆ ಹಸಿರು ಪಾಚಿಯ ಮೇಲೆ, ಎರಡೂ ಕೈ ಬಿಟ್ಟು ನಿಂತಿದ್ದರು. ಆಮೇಲೆ ಕೇಳಿದ ದನಿ ನಮ್ಮ ಅಪ್ಪನದ್ದೇ ಅಂತ ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಚಿಕ್ಕ ಹುಡುಗನ ದನಿ.

“ಏ ಮಂಜ್ಯಾ! ಇಲ್ಲಿಂದ ಮೀನ ಕಾಣತಾವಲ್ಲೋ! ಕಾಲಾಗ ಹಾದು ಹೊಂಟಾವು!”

“ಇನ್ನ ಅಪ್ಪ ಮಗ ಇಬ್ಬರದೂ ಹುಡುಕ್ಯಾಡೂದು ಬಂತ ನನಗ,” ಅಂದಳು ಅವ್ವ. ಕಣ್ಣೊರೆಸಿಕೊಳ್ಳುತ್ತ ಅಂದದ್ದರಿಂದ ಅದು ಪರ್ಮಿಷನ್ ಅಂತ ತಿಳಿದೆ.

ಆ ಬೂಟು ಬಹಳ ವರ್ಷ ಬಾಳಿತು. ಫೆಲ್ಟ್ ಸವೆದಾಗೆಲ್ಲ ಯಲ್ಲಪ್ಪ ಕಾಕಾ ಬದಲಿಸಿಕೊಟ್ಟರು. ನೆರಳಲ್ಲೇ ಒಣಗಿಸಿದೆ. (ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತೆ.) ಜೋಯಿಡಾ ಕಡೆಯ ಹಳ್ಳಗಳಲ್ಲೂ ಅದನ್ನೇ ಹಾಕಿ ನಡೆದೆ, ಕುಂಬಾರವಾಡದಲ್ಲಿ ಬಸ್ಸಿಗೆ ಅರ್ಧ ದಿನ ಕಾಯುವಾಗಲೂ ಬಿಚ್ಚಬೇಕು ಅನ್ನಿಸಲಿಲ್ಲ, ಅಷ್ಟು ಹಿತ. ಹೋದ ತಿಂಗಳು ಕ್ಯಾನ್ವಾಸ್ ಹರಿಯಿತು. ಅದಕ್ಕೇ ಹುಬ್ಬಳ್ಳಿಗೆ ಹೋಗಿದ್ದು.

ಒಂದು ಸಂಗತಿ ಮಾತ್ರ ಆ ಐತ್ವಾರ ನನಗೆ ಹೊಳೆದಿರಲಿಲ್ಲ. ಮರುದಿನ ಅಪ್ಪ ಡ್ಯೂಟಿಗೆ ಹೊರಡುವಾಗ ಸೇಫ್ಟಿ ಶೂ ಹಾಕಲಾಗದೆ ಗೋಡೆ ಹಿಡಿದು ನಿಂತಿದ್ದರು. ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿದ್ದವು. ಹಿಮ್ಮಡಿಯ ಚರ್ಮ ಸುಲಿದಿತ್ತು.

ಅಪ್ಪನ ಕಾಲು ಒಂಬತ್ತು, ಬೂಟು ಎಂಟು.

“ಬಿಗಿ ಆಗ್ತೈತಿ ಅಂತ ಒಂದ್ ಮಾತ ಅನಬಾರದೇನ್ರೀ?” ಅವ್ವ ಎಣ್ಣೆ ಹಚ್ಚುತ್ತ ಕೇಳಿದಳು.

“ಅಂದಿದ್ರ ನೀ ಅದನ್ನ ಹಿಡ್ಕೊಂಡು ಹುಡುಗನ್ನ ತಡೀತಿದ್ದಿ,” ಅಂದರು ಅಪ್ಪ. ಕುಂಟುತ್ತ ಶಿಫ್ಟಿಗೆ ಹೋದರು.

ಬೂಟು ಆರಿಸುವಾಗ ಏನೇನು ನೋಡಬೇಕೋ ಎಲ್ಲ ಹೇಳಿದ್ದೇನೆ. ಇನ್ನೊಂದು ನೀವೇ ಕೇಳಿಕೊಳ್ಳಿ: ಇವತ್ತು ನಿಮ್ಮ ಕಾಲಿಗೆ ಇಷ್ಟು ಹಿತವಾಗಿರುವುದು ಮೊದಲು ಯಾರ ಕಾಲನ್ನು ಕಚ್ಚಿತ್ತು?