ಅಲ್ಲಾಡಿದ ಹನ್ನೊಂದು ಸೆಕೆಂಡು

ನಮ್ಮ ದೊಡ್ಡಪ್ಪ ಬೆಟ್ಟಸ್ವಾಮಿಯವರ ಬಲ ಭುಜ ಎಡ ಭುಜಕ್ಕಿಂತ ಒಂದು ಬೆರಳಷ್ಟು ತಗ್ಗು. ಇಪ್ಪತ್ತು ವರ್ಷ ಅದರ ಮೇಲೆ ವಿಡಿಯೊ ಕ್ಯಾಮೆರಾ ಕೂತಿತ್ತು. ಆ ಕಾಲದಲ್ಲಿ ನಂಜನಗೂಡಿನಲ್ಲಿ ಯಾರ ಮನೆ ಮದುವೆಯಾದರೂ ಮೊದಲು ಇವರನ್ನೇ ಕೇಳುತ್ತಿದ್ದರು. ಕ್ಯಾಮೆರಾ ಕೊಳ್ಳುವ ಮೊದಲು ಅವರು ತುಂಬಿದ ಚೊಂಬನ್ನು ಭುಜದ ಮೇಲಿಟ್ಟುಕೊಂಡು ಕಪಿಲಾ ನದಿಯ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದರಂತೆ. ಮೊದಲ ವಾರ ಅಂಗಿಯೆಲ್ಲ ಒದ್ದೆ. ಮೂರನೇ ತಿಂಗಳಿಗೆ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಇದನ್ನು ನಾನು ನೋಡಿಲ್ಲ, ದೊಡ್ಡಮ್ಮ ಹೇಳಿದ್ದು. ತಿಂಗಳು ಒಂದೆರಡು ಹೆಚ್ಚುಕಡಿಮೆ ಇರಬಹುದು.

ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ನಾನು ಹೆಚ್ಚಾಗಿ ಅವರ ಮನೆಯಲ್ಲೇ ಇರುತ್ತೇನೆ. ಅವರ ಹಳೆಯ ಕ್ಯಾಸೆಟ್‌ಗಳನ್ನು ಒಂದೊಂದಾಗಿ ನೋಡಿದ್ದೇನೆ. ಯಾವುದರಲ್ಲೂ ಚಿತ್ರ ಅಲ್ಲಾಡುವುದಿಲ್ಲ. ಅಲ್ಲಾಡಿದ್ದನ್ನೆಲ್ಲ ಕತ್ತರಿಸಿಯೇ ಅವರು ಮದುವೆ ಮನೆಯವರಿಗೆ ಕೊಡುತ್ತಿದ್ದದ್ದು.

ಕಳೆದ ವರ್ಷ ಅವರ ಮಗ ಮದನಣ್ಣ ನಮ್ಮನ್ನೆಲ್ಲ ಒಂದು ಸಿನಿಮಾಕ್ಕೆ ಕರೆದುಕೊಂಡು ಹೋದ. ಹೊಡೆದಾಟ ಬಂದಾಗ ಪರದೆಯೇ ಕುಣಿಯತೊಡಗಿತು.

"ಕ್ಯಾಮೆರಾದವನಿಗೆ ಚಳಿಜ್ವರ ಏನ್ಲಾ?" ಎಂದರು ದೊಡ್ಡಪ್ಪ, ಮುಂದಿನ ಸಾಲಿನವರಿಗೂ ಕೇಳುವಂತೆ.

"ಬೇಕಂತ ಹಂಗೆ ತೆಗೀತಾರೆ ಅಪ್ಪ. ನಾವೂ ಅಲ್ಲೇ ಓಡ್ತಾ ಇದೀವಿ ಅನ್ನಿಸ್ಬೇಕಲ್ಲ."

"ಓಡೋದಾದ್ರೆ ನಮ್ಮ ಬೀದೀಲಿ ಓಡ್ತೀನಿ. ಅದಕ್ಕೆ ಟಿಕೆಟ್ ಯಾಕ್ಲಾ?"

ಕಥೆ ಹೇಳುವವನ ಕೈ ನಡುಗಿದರೆ ಕೇಳುವವನಿಗೆ ಕೈ ಕಾಣುತ್ತದೆ, ಕಥೆ ಕಾಣುವುದಿಲ್ಲ. ಇದು ಅವರ ಮಾತು. ನಾನೂ ಹಾಗೆಯೇ ನಂಬಿದ್ದೆ.

ಆಮೇಲೆ ಟಿ. ನರಸೀಪುರದ ಕಡೆಯ ಮೂಗೂರಿನಿಂದ ಮಂಗಳಮ್ಮ ಬಂದರು. ಅವರ ಮದುವೆ ಇಪ್ಪತ್ಮೂರು ವರ್ಷದ ಹಿಂದೆ ನಂಜನಗೂಡಿನಲ್ಲೇ ಆಗಿತ್ತು. ದೊಡ್ಡಪ್ಪನೇ ವಿಡಿಯೊ ತೆಗೆದಿದ್ದರು. ಅವರ ತಾಯಿ ಚನ್ನಾಜಮ್ಮ ಮಗಳ ಮದುವೆಯಾದ ಎರಡೇ ವರ್ಷಕ್ಕೆ ತೀರಿಕೊಂಡರಂತೆ.

"ನಮ್ಮವ್ವ ಎಂಗಿದ್ರು ಅಂತ ಮಗಳು ನಂದಿತಾ ಕೇಳ್ತಾಳೆ ಕಣಣ್ಣ. ತೋರ್ಸಕ್ಕೆ ರೇಶನ್ ಕಾರ್ಡಲ್ಲಿರೋ ಉಗುರಷ್ಟು ಫೋಟೋ ಒಂದೇ. ಅದೂ ಮಾಸೋಗದೆ. ನೀವು ಕೊಟ್ಟ ಕ್ಯಾಸೆಟ್‌ನಲ್ಲಿ ಅವ್ವ ಎಲ್ಲೂ ಇಲ್ವಲ್ಲ?"

ದೊಡ್ಡಪ್ಪ ತಲೆ ತಗ್ಗಿಸಿದರು. ಕಾರಣವನ್ನು ನನಗೆ ಆಮೇಲೆ ಹೇಳಿದರು. ಗಂಡ ಸತ್ತವಳು ತಾಳಿ ಕಟ್ಟುವ ಹೊತ್ತಿನಲ್ಲಿ ಮಂಟಪದ ಎದುರು ಬರಬಾರದು ಎಂದು ಯಾರೋ ಹಿರಿಯರು ಅಂದಿದ್ದರಂತೆ. ಚನ್ನಾಜಮ್ಮ ಇಡೀ ಮದುವೆಯನ್ನು ಕ್ಯಾಮೆರಾದ ಬೆನ್ನ ಹಿಂದೆ ನಿಂತು ನೋಡಿದರು. ಅಲ್ಲಿ ನಿಂತರೆ ಮಗಳು ಕಾಣುತ್ತಾಳೆ, ತಾನು ಯಾರಿಗೂ ಕಾಣುವುದಿಲ್ಲ. ಕ್ಯಾಮೆರಾ ಅಲ್ಲಾಡದೆ ಮುಂದಕ್ಕೇ ನೋಡುತ್ತಿತ್ತು.

"ಕತ್ತರಿಸದೆ ಇರೋ ಮೂಲ ಕ್ಯಾಸೆಟ್ ಟ್ರಂಕಲ್ಲಿ ಇರಬೇಕು. ನೋಡ್ತೀನಿ ಕಣವ್ವ" ಎಂದಷ್ಟೇ ಹೇಳಿ ಕಳಿಸಿದರು. ಅವರ ಮುಖ ನೋಡಿದರೆ, ಹುಡುಕುವ ಮೊದಲೇ ಅದರಲ್ಲಿ ಏನಿದೆ ಎಂದು ನೆನಪಾದಂತಿತ್ತು.

ಮೂರನೇ ದಿನ ಕ್ಯಾಸೆಟ್ ಸಿಕ್ಕಿತು. ಬೂಷ್ಟು ಒರೆಸಿ, ಮದನಣ್ಣ ಹಳೆಯ ಕ್ಯಾಸೆಟ್ ಪ್ಲೇಯರಿನಿಂದ ಅದನ್ನು ಕಂಪ್ಯೂಟರಿಗೆ ಇಳಿಸಿದ. ಅಕ್ಷತೆ ಬೀಳುತ್ತಿದೆ, ಚಿತ್ರ ಕಲ್ಲಿನಂತೆ ನಿಂತಿದೆ. ಇದ್ದಕ್ಕಿದ್ದಂತೆ ಎರಡು ಸಲ ಜಗ್ಗಿದಂತೆ ಅಲ್ಲಾಡಿತು. ಛಾವಣಿ, ಟ್ಯೂಬ್‌ಲೈಟು, ಕಂಬ ಎಲ್ಲವೂ ಓಡಿದವು. ಆಮೇಲೆ ಅಂಚಿನಲ್ಲಿ ಒಂದು ಮುಖ, ತೀರ ಹತ್ತಿರ. ಸೆರಗು ತಲೆ ಮೇಲಿದೆ. ದೊಡ್ಡಪ್ಪನ ಮೊಣಕೈ ಹಿಡಿದ ಕೈಯೂ ಕಾಣುತ್ತದೆ.

"ಮಗ, ಊಟ ಮಾಡ್ದಾ? ಬೆಳಗ್ಗಿಂದ ಅಂಗೇ ನಿಂತಿದ್ದೀಯಲ್ಲಾ."

"ಬುಡವ್ವ, ಅಲ್ಲಾಡ್ತದೆ!"

ಗದರಿದ್ದು ದೊಡ್ಡಪ್ಪನ ದನಿ. ಮುಖ ಚಿಕ್ಕದಾಯಿತು. ಚಿತ್ರ ಮತ್ತೆ ಮಂಟಪಕ್ಕೆ ತಿರುಗಿ ನೆಟ್ಟಗೆ ನಿಂತಿತು. ಎಲ್ಲ ಸೇರಿ ಹನ್ನೊಂದು ಸೆಕೆಂಡು. ನಾನು ಮೂರು ಸಲ ಎಣಿಸಿದೆ.

ದೊಡ್ಡಪ್ಪ ತಮ್ಮ ಮೊಣಕೈಯನ್ನು ಮುಟ್ಟಿಕೊಂಡರು. "ಇದನ್ನ ಆ ಹೆಣ್ಣುಮಗಳಿಗೆ ಎಂಗೆ ತೋರಿಸ್ಲಿ? ಅವರವ್ವನ್ನ ನಾನು ಗದರಿರೋದೂ ಇದರಲ್ಲೇ ಅದೆ."

"ದನಿ ತೆಗೆದುಬಿಡೋಣ. ಅಲ್ಲಾಟಾನೂ ನಿಲ್ಲಿಸ್ಬೋದು" ಎಂದು ಮದನಣ್ಣ ಏನೋ ಒತ್ತಿದ. ಚಿತ್ರ ನಿಜಕ್ಕೂ ನಿಂತಿತು. ಆದರೆ ನಿಲ್ಲಿಸುವಾಗ ಕಂಪ್ಯೂಟರು ಸುತ್ತಲಿನ ಅಂಚನ್ನು ಕತ್ತರಿಸುತ್ತದಂತೆ. ಅಂಚಿನಲ್ಲಿದ್ದ ಕೈ ಹೋಯಿತು, ಅರ್ಧ ಮುಖವೂ ಹೋಯಿತು. ಉಳಿದದ್ದು ಕಂಬ.

ದೊಡ್ಡಪ್ಪ ಎದ್ದು ನಿಂತರು. "ಮೊದಲು ಎಂಗಿತ್ತೋ ಅಂಗೇ ಮಾಡು. ದನಿನೂ ಇರ್ಲಿ. ಆ ಸಿನಿಮಾದವನ ಕೈಯ ಯಾರು ಎಳೆದ್ರೋ ನಂಗೊತ್ತಿಲ್ಲ. ಇದರಲ್ಲಿ ಯಾರು ಎಳೆದದ್ದು ಅಂತ ಗೊತ್ತು. ಅಲ್ಲಾಡ್ಲಿ ಬುಡು."

ಭಾನುವಾರ ಬೆಳಿಗ್ಗೆ ಮೂಗೂರಿಗೆ ಹೋದೆವು. ಪೆನ್‌ಡ್ರೈವನ್ನು ಅವರ ಟೀವಿಗೆ ಹಾಕಿದಾಗ ದೊಡ್ಡಪ್ಪ ಕುರ್ಚಿಯಲ್ಲಿ ಕೂರದೆ ಬಾಗಿಲ ಬಳಿ, ಎಲ್ಲರ ಬೆನ್ನ ಹಿಂದೆ ನಿಂತರು. ಮಂಗಳಮ್ಮ ಒಂದು ಸಲ ನೋಡಿದರು. ಇನ್ನೊಂದು ಸಲ ಹಾಕಿಸಿದರು. ಮೂರನೇ ಸಲಕ್ಕೆ ಎದ್ದು ಹೋಗಿ ಟೀವಿಯ ಗಾಜನ್ನು ಅಂಗೈಯಲ್ಲಿ ಮುಟ್ಟಿದರು.

"ಅಜ್ಜಿ ಎಳೆದಿದ್ದಕ್ಕೇ ಇಷ್ಟೊಂದು ಅಲ್ಲಾಡಿದ್ದಾ?" ಎಂದಳು ನಂದಿತಾ.

"ಊಂ. ಊಟಕ್ಕೆ ಕರೆದ್ರೆ ಅಂಗೇ ಎಳೆಯೋರು. ನನ್ನ ರಟ್ಟೆ ಇನ್ನೂ ನೋಯ್ತದೆ" ಎಂದು ಮಂಗಳಮ್ಮ ನಕ್ಕರು, ಕಣ್ಣು ಒರೆಸಿಕೊಂಡರು.

"ನಾನು ಗದರಬಾರ್ದಿತ್ತು ಕಣವ್ವ" ಎಂದರು ದೊಡ್ಡಪ್ಪ ಬಾಗಿಲಿಂದಲೇ. "ಅವತ್ತು ಕೊನೆಗೂ ಉಣ್ಣಲಿಲ್ಲ ನಾನು."

"ಅಂಗಾರೆ ಇವತ್ತು ಉಣ್ಣಿ. ಇಪ್ಪತ್ಮೂರು ವರ್ಷ ಆಯ್ತು ಅವ್ವ ಕರೆದು. ಸಾರು ಆರೋಗದೆ, ಬನ್ನಿ."

ಕೈ ತೊಳೆಯಲು ನಂದಿತಾ ತುಂಬಿದ ಚೊಂಬು ತಂದುಕೊಟ್ಟಳು. ದೊಡ್ಡಪ್ಪನ ಕೈಯಲ್ಲಿ ಅದು ಅಲ್ಲಾಡಿತು. ಅರ್ಧ ನೀರು ಅವರ ಅಂಗಿಯ ಮೇಲೇ ಚೆಲ್ಲಿತು. ಅವರು ಅದನ್ನು ಒರೆಸಿಕೊಳ್ಳದೆ ಹಾಗೆಯೇ ಹೋಗಿ ಎಲೆಯ ಮುಂದೆ ಕೂತರು.